ಮೀನುಗೂಬೆಯ ಕಾಲುಚೀಲ ಎಲ್ಲಿ ಹೋಯಿತು?

ಲೋಕ ಆಗಿನ್ನೂ ಹೊಚ್ಚ ಹೊಸದು. ಎಷ್ಟು ಹೊಸದೆಂದರೆ, ಬೆಟ್ಟಗಳಿಗೆ ಸುಮ್ಮನೆ ಕೂತು ಅಭ್ಯಾಸವಾಗಿರಲಿಲ್ಲ. ಹೊಳೆಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಚಳಿಗಂತೂ ಒಬ್ಬರ ಮನೆಗೆ ಬಂದರೆ ಎಷ್ಟು ದಿನ ಇದ್ದು ಹೊರಡಬೇಕು ಎನ್ನುವುದೇ ತಿಳಿದಿರಲಿಲ್ಲ.

ಆ ಕಾಲದಲ್ಲಿ ಮದುವೆಯಾದ ಗೂಬೆಗಳೆಲ್ಲ ಕಾಲುಚೀಲ ಹಾಕುತ್ತಿದ್ದವು. ಸಣ್ಣ ಗೂಬೆಗೂ ಕಾಲುಚೀಲ, ದೊಡ್ಡ ಗೂಬೆಗೂ ಕಾಲುಚೀಲ. ತೊಡೆಯಿಂದ ಹಿಡಿದು ಬೆರಳಿನ ತುದಿಯವರೆಗೆ ಮೆತ್ತಗಿನ ಪುಕ್ಕದ ಕಾಲುಚೀಲ, ಹೊರಗೆ ಕಾಣುತ್ತಿದ್ದದ್ದು ಉಗುರು ಮಾತ್ರ.

ಈ ಕಾಲುಚೀಲ ಎಲ್ಲಿಂದ ಬರುತ್ತಿತ್ತು ಗೊತ್ತೇ? ಅತ್ತೆಯಿಂದ! ಗೂಬೆಗಳ ಮದುವೆಯಲ್ಲಿ ಹೆಣ್ಣಿನ ತಾಯಿ ತನ್ನ ಎದೆಯ ಪುಕ್ಕ ಕಿತ್ತು, ತಾನೇ ಕೂತು ಹೊಲಿದು, ಅಳಿಯನ ಕಾಲಿಗೆ ತೊಡಿಸಬೇಕು. ಮಗಳಿಗೂ ಒಂದು ಜೊತೆ ಕೊಡಬೇಕು. ಅಳಿಯನಾದವನು ಅದನ್ನು ಬದುಕಿರುವತನಕ ಬಿಚ್ಚಬಾರದು. ಮಲಗುವಾಗಲೂ ಬಿಚ್ಚಬಾರದು, ಕಾಲು ನವೆಯಾದರೂ ಬಿಚ್ಚಬಾರದು. ಬಿಚ್ಚಿದರೆ ಹೆಣ್ಣಿನ ಮನೆಯವರಿಗೆ ಅವಮಾನ ಮಾಡಿದ ಹಾಗೆ.

ಗುಮ್ಮಣ್ಣ ಎಂಬ ಒಂದು ದೊಡ್ಡ ಗೂಬೆ ಇತ್ತು. ಅವನಿಗೆ ತನ್ನ ಕಾಲುಚೀಲದ ಮೇಲೆ ಬಹಳ ಜಂಬ. ಯಾರಾದರೂ ಎದುರಿಗೆ ಸಿಕ್ಕರೆ ಸಾಕು, ಒಂದು ಕಾಲು ಮುಂದೆ ಇಟ್ಟು ನಿಲ್ಲುತ್ತಿದ್ದ. ಎದುರಿಗಿದ್ದವರು ಏನೂ ಹೇಳದಿದ್ದರೆ ಇನ್ನೊಂದು ಕಾಲನ್ನೂ ಮುಂದೆ ಇಡುತ್ತಿದ್ದ.

"ನಮ್ಮತ್ತೆ ಹೊಲಿದದ್ದು," ಅನ್ನುತ್ತಿದ್ದ, ಕೇಳದಿದ್ದರೂ.

ಹೀಗಿರುವಾಗ ಒಂದು ವರ್ಷ ಚಳಿ ಗುಮ್ಮಣ್ಣ ಇದ್ದ ಕಣಿವೆಗೆ ನೆಂಟನ ಹಾಗೆ ಬಂತು. ಬಂದದ್ದು ಹೋಗಲೇ ಇಲ್ಲ. ಹುಲ್ಲಿನ ಮೇಲೆ ಕೂತಿತು, ಮರದ ಮೇಲೆ ಮಲಗಿತು, ಬೆಟ್ಟದ ಮೂಗಿನೊಳಗೆ ಹೊಕ್ಕಿತು. ಬೆಟ್ಟಕ್ಕೆ ತಡೆಯಲಾಗಲಿಲ್ಲ.

"ಆ... ಆ... ಆಕ್ಷೀ!"

ಬೆಟ್ಟ ಸೀನಿದರೆ ಕೇಳಬೇಕೇ! ತಲೆಯ ಮೇಲಿದ್ದ ಬಂಡೆಗಳೆಲ್ಲ ಗಡಗಡ ಉರುಳಿ ಬಂದು ಹೊಳೆಗೆ ಅಡ್ಡವಾಗಿ ಬಿದ್ದವು. ಲೋಕದ ಮೊದಲನೆಯ ಅಣೆಕಟ್ಟು ಆದದ್ದು ಹೀಗೆ, ಒಂದು ಸೀನಿನಿಂದ. ಎಂಜಿನಿಯರು ಇಲ್ಲ, ಅಡಿಗಲ್ಲು ಇಲ್ಲ, ಹಾರ ಹಾಕಿಸಿಕೊಂಡು ಭಾಷಣ ಮಾಡುವವರೂ ಇಲ್ಲ.

"ಏನ್ ಬೆಟ್ಟಣ್ಣ, ಒಂದು ಮಾತು ಹೇಳಿ ಸೀನಬಾರದಾ?" ಎಂದು ಹೊಳೆ ಬೈಯಿತು.

"ಸೀನು ಹೇಳಿ ಕೇಳಿ ಬರುತ್ತೇನಮ್ಮ?" ಎಂದಿತು ಬೆಟ್ಟ, ಮೂಗು ಒರೆಸಿಕೊಳ್ಳುತ್ತಾ.

ಅಣೆಕಟ್ಟಿನ ಹಿಂದೆ ನಿಂತ ನೀರಿನ ಮುಖವೆಲ್ಲ ಹೆಪ್ಪುಗಟ್ಟಿ ಮಂಜುಗಡ್ಡೆಯಾಯಿತು. ಆದರೆ ಹೊಳೆ ಜಾಣೆ. ತನ್ನಲ್ಲಿದ್ದ ಚೂರುಪಾರು ಬಿಸಿಯನ್ನೆಲ್ಲ ತಳಕ್ಕೆ ಒಯ್ದು ಬಚ್ಚಿಟ್ಟುಕೊಂಡು, ಬಂಡೆಗಳ ಬುಡದ ಸಂದಿಯಿಂದ ಮೆಲ್ಲಗೆ ನುಸುಳಿ ಈಚೆಗೆ ಬಂತು. ಹಾಗಾಗಿ ಊರೆಲ್ಲ ಮರಗಟ್ಟಿದ್ದರೂ ಅಣೆಕಟ್ಟಿನ ಕೆಳಗೆ ಮಾತ್ರ ನೀರು ಹರಿಯುತ್ತಿತ್ತು, ಅದರ ಮೇಲೆ ಹಬೆ ಆಡುತ್ತಿತ್ತು.

ಇದು ಗೊತ್ತಾದದ್ದೇ ತಡ, ಹೊಳೆಯಲ್ಲಿದ್ದ ಟ್ರೌಟ್ ಮೀನುಗಳೆಲ್ಲ ಸಂಸಾರ ಸಮೇತ ಅಲ್ಲಿಗೆ ಬಂದು ಬಿಡಾರ ಹೂಡಿದವು. ಟ್ರೌಟ್ ಅಂದರೆ ತಣ್ಣೀರಿನ ಮೀನು. ಮೈತುಂಬ ಚುಕ್ಕೆ, ಬಾಯಿತುಂಬ ಮಾತು. ಅವರ ಯಜಮಾನಿ ಚುಕ್ಕಮ್ಮ ಎಂಬ ಅಜ್ಜಿ ಟ್ರೌಟ್. ಬಂಡೆ ಸಂದಿಯಿಂದ ಹುಳುಹುಪ್ಪಟೆ ತೇಲಿಬಂದರೆ ಮೊದಲು ಅವಳ ಬಾಯಿಗೇ ಬೀಳಬೇಕು.

ಹೊಳೆಯ ದಂಡೆಯ ಮರದ ಪೊಟರೆಯಲ್ಲಿ ಗುಮ್ಮಣ್ಣನ ಮನೆ. ಅಲ್ಲಿ ಅವನ ಹೆಂಡತಿ ಸಣ್ಣತಾಯಿ ಎರಡು ಮೊಟ್ಟೆಗಳ ಮೇಲೆ ಕಾವಿಗೆ ಕೂತಿದ್ದಳು. ಬಾಣಂತನಕ್ಕೆಂದು ಅತ್ತೆ ತಿಪ್ಪಾಜಮ್ಮನವರು ಬಂದಿದ್ದರು. ಬಾಣಂತನ ಮಾಡುವುದಕ್ಕೆ ಬಂದವರು ಪೊಟರೆಯ ಬೆಚ್ಚಗಿನ ಮೂಲೆ ಹಿಡಿದು ಕೂತು, ಮಾಡಬೇಕಾದ್ದನ್ನೆಲ್ಲ ಅಳಿಯನಿಗೆ ಹೇಳುತ್ತಿದ್ದರು.

ತೊಂದರೆ ಏನೆಂದರೆ, ಊಟಕ್ಕಿಲ್ಲ. ಗೂಬೆಗಳ ಊಟ ಇಲಿ. ಇಲಿಗಳು ಚಳಿ ಬಂದ ಕೂಡಲೇ ಬಿಲದ ಬಾಗಿಲು ಭದ್ರ ಮಾಡಿಕೊಂಡಿದ್ದವು. ಗುಮ್ಮಣ್ಣ ಹೋಗಿ ಬಾಗಿಲು ಬಡಿದರೆ, "ಮನೇಲಿ ಯಾರೂ ಇಲ್ಲ!" ಎಂದು ಒಳಗಿನಿಂದ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದವು.

ಆ ಸಂಜೆ ಸಣ್ಣತಾಯಿ ಮೆಲ್ಲಗೆ ಹೇಳಿದಳು. "ರೀ, ನನ್ನ ಹೊಟ್ಟೆಗೆ ಏನಾದ್ರೂ ಬಿದ್ರೆ ತಾನೆ ಮೈಯಲ್ಲಿ ಬಿಸಿ ಇರೋದು? ನನ್ನ ಮೈಯೇ ತಣ್ಣಗಾಗ್ತಾ ಇದೆ. ಮೊಟ್ಟೆಗೆ ಎಲ್ಲಿಂದ ಕಾವು ಕೊಡ್ಲಿ?"

ಗುಮ್ಮಣ್ಣ ಪೊಟರೆಯ ಬಾಯಿಗೆ ಬಂದು ಹೊಳೆಯ ಕಡೆ ನೋಡಿದ.

"ಅಣೆಕಟ್ಟಿನ ಕೆಳಗೆ ಮೀನಿವೆ," ಎಂದ. "ಹೋಗಿ ತರ್ತೀನಿ."

"ಮೀನಾ!" ಎಂದರು ತಿಪ್ಪಾಜಮ್ಮ ಮೂಲೆಯಿಂದ. "ನಮ್ಮ ಮನೆತನದಲ್ಲಿ ಯಾರೂ ನೀರಿಗಿಳಿದೋರಲ್ಲ. ಹೋಗಿ ಅಳಿಯಂದ್ರೇ, ಹೋಗಿ. ಆದ್ರೆ ಕಾಲುಚೀಲ ಜೋಪಾನ."

ಕತ್ತಲಾಯಿತು. ಗುಮ್ಮಣ್ಣ ನೀರಿನ ಮೇಲೆ ಬಾಗಿದ್ದ ಕೊಂಬೆಯ ಮೇಲೆ ಕೂತು ನೋಡಿದ. ಗೂಬೆಯ ಕಣ್ಣಲ್ಲವೇ, ನೀರಿನ ತಳದ ಕಲ್ಲೂ ಕಾಣುತ್ತಿತ್ತು. ಕಲ್ಲಿನ ಪಕ್ಕದಲ್ಲಿ ಚುಕ್ಕಮ್ಮ ಬಾಲ ಆಡಿಸುತ್ತಾ ನಿಂತಿದ್ದಳು. ಗುಮ್ಮಣ್ಣ ಸದ್ದಿಲ್ಲದೆ ರೆಕ್ಕೆ ಬಿಚ್ಚಿ, ಸರ್ರನೆ ಇಳಿದು, ಎರಡೂ ಕಾಲನ್ನು ನೀರಿಗೆ ಹಾಕಿ ಅವಳ ಬೆನ್ನು ಹಿಡಿದೇಬಿಟ್ಟ.

ಹಿಡಿದ, ಆದರೆ ಒದ್ದೆ ಪುಕ್ಕದ ಕಾಲುಚೀಲ, ಅದರಡಿಯಲ್ಲಿ ನುಣ್ಣನೆ ಮೀನು. ಉಗುರು ಪುಕ್ಕದಲ್ಲೇ ಸಿಕ್ಕಿಕೊಂಡಿತು. ಚುಕ್ಕಮ್ಮ ಜಾರಿ ಮುಂದಕ್ಕೆ ಹೋದಳು.

"ಅಬ್ಬಬ್ಬಾ!" ಎಂದಳು ಚುಕ್ಕಮ್ಮ, ಸುಖದಿಂದ ಕಿವಿರು ಅರಳಿಸಿ. "ಯಾರೋ ಎಷ್ಟು ಮೆತ್ತಗೆ ಬೆನ್ನು ಉಜ್ಜಿದ್ರು ಕಣ್ರೇ!"

"ಹೌದಾ ಅಜ್ಜಿ? ನನಗೂ ಉಜ್ಜಿಸು!"

"ನನಗೂ! ನನಗೂ!"

ಗುಮ್ಮಣ್ಣ ಇನ್ನೊಮ್ಮೆ ಇಳಿದ. ಇನ್ನೊಂದು ಟ್ರೌಟ್ ಬೆನ್ನು ಉಜ್ಜಿಸಿಕೊಂಡು ಹೋಯಿತು. ಮತ್ತೊಮ್ಮೆ ಇಳಿದ. ಮತ್ತೊಂದು ಉಜ್ಜಿಸಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಟ್ರೌಟ್‌ಗಳೆಲ್ಲ ಸರದಿಯಲ್ಲಿ ನಿಂತಿದ್ದವು. ಮಧ್ಯೆ ನುಗ್ಗಿದವರನ್ನು ಚುಕ್ಕಮ್ಮ ಗದರಿಸಿ ಹಿಂದಕ್ಕೆ ಕಳಿಸುತ್ತಿದ್ದಳು.

ಇದನ್ನೆಲ್ಲ ನೋಡುತ್ತಿದ್ದ ಹೊಳೆಗೆ ನಗು ತಡೆಯಲಾಗಲಿಲ್ಲ.

"ಗುಮ್ಮಣ್ಣ, ಆ ಕಾಲುಚೀಲ ಬಿಚ್ಚಿಡಪ್ಪ. ನೀರಿಗಿಳಿಯೋರು ಯಾರಾದ್ರೂ ಹೀಗೆ ಮದುವೆ ಬಟ್ಟೆ ಹಾಕ್ಕೊಂಡು ಬರ್ತಾರಾ?"

"ಏನ್ ಮಾತು ಅಂತ ಆಡ್ತೀಯಮ್ಮ!" ಗುಮ್ಮಣ್ಣನಿಗೆ ಸಿಟ್ಟು ಬಂತು. "ಇದು ಅತ್ತೆ ಕೊಟ್ಟಿದ್ದು. ನಮ್ಮ ವಂಶದಲ್ಲಿ ಇದುವರೆಗೂ ಯಾರೂ ಬಿಚ್ಚಿಲ್ಲ."

"ನಿಮ್ಮ ವಂಶದಲ್ಲಿ ಇದುವರೆಗೂ ಯಾರಾದ್ರೂ ಮೀನು ಹಿಡಿದಿದ್ದಾರಾ?"

ಗುಮ್ಮಣ್ಣ ಕತ್ತನ್ನು ಪೂರಾ ಹಿಂದಕ್ಕೆ ತಿರುಗಿಸಿ ಕೂತ. ಉತ್ತರ ಇಲ್ಲದಾಗ ಗೂಬೆಗಳು ಈಗಲೂ ಹಾಗೇ ಮಾಡುತ್ತವೆ.

ಅಷ್ಟರಲ್ಲಿ ಚಳಿ ಕೊಂಬೆಯ ಮೇಲೆ ಅವನ ಪಕ್ಕಕ್ಕೇ ಬಂದು ಒತ್ತಿಕೊಂಡು ಕೂತಿತು. ಒದ್ದೆ ಕಾಲುಚೀಲವನ್ನು ಮುಟ್ಟಿ ನೋಡಿತು. ಮುಟ್ಟಿದ್ದೇ ತಡ, ಕಾಲುಚೀಲ ಗಟ್ಟಿಯಾಗಿ, ಬಿರುಸಾಗಿ, ಫಳಫಳ ಹೊಳೆಯತೊಡಗಿತು.

"ಗಂಜಿ ಹಾಕಿ ಇಸ್ತ್ರಿ ಮಾಡಿದ್ದೀನಿ," ಎಂದಿತು ಚಳಿ. "ಹೇಗಿದೆ?"

ಹೇಗಿತ್ತು ಅಂದರೆ, ಗುಮ್ಮಣ್ಣನಿಗೆ ಮಂಡಿ ಮಡಿಸಲಿಕ್ಕೇ ಆಗುತ್ತಿರಲಿಲ್ಲ. ಹಾರಿದರೆ ಒಂದು ಕಾಲಿಗೆ ಇನ್ನೊಂದು ಕಾಲು ಬಡಿದು ಟಿಣ್ ಟಿಣ್ ಎನ್ನುತ್ತಿತ್ತು. ಗೂಬೆ ಹಾರಿದರೆ ತರಗೆಲೆಗೂ ಕೇಳಿಸಬಾರದು, ಆದರೆ ಆ ರಾತ್ರಿ ಗುಮ್ಮಣ್ಣ ಮನೆಗೆ ಬರುತ್ತಿರುವುದು ಕಣಿವೆಗೆಲ್ಲ ಕೇಳಿಸಿತು. ಪೊಟರೆಯ ಬಾಯಲ್ಲಿ ಇಳಿಯಲು ಹೋಗಿ ಜಾರಿದ, ಮತ್ತೆ ಹತ್ತಿದ, ಮತ್ತೆ ಜಾರಿದ, ಕಡೆಗೆ ಕೊಕ್ಕಿನಿಂದ ತೊಗಟೆ ಕಚ್ಚಿ ಹಿಡಿದು ಒಳಗೆ ತಲೆ ಹಾಕಿದ.

"ಆಹಾ!" ಎಂದರು ತಿಪ್ಪಾಜಮ್ಮ. ಅವರ ಕಣ್ಣು ಹೋದದ್ದು ಸೀದಾ ಕಾಲಿಗೆ. "ಎಷ್ಟು ಚೆನ್ನಾಗಿ ಹೊಳೀತಿವೆ! ನೀರಲ್ಲಿ ನೆನೆದ್ರೂ ಒಂದ್ ಎಳೆ ಬಿಟ್ಟಿಲ್ಲ ನೋಡು ಸಣ್ಣತಾಯಿ, ಇದು ಹೊಲಿಗೆ ಅಂದ್ರೆ! ಮೀನೆಲ್ಲಿ ಅಳಿಯಂದ್ರೇ?"

ಸಣ್ಣತಾಯಿಗೆ ಮೀನಿನ ಕಡೆ ಗಮನವೇ ಇರಲಿಲ್ಲ. ತಲೆ ತಗ್ಗಿಸಿ ಮೊಟ್ಟೆಗಳಿಗೆ ಕಿವಿಗೊಟ್ಟು ಕೂತಿದ್ದಳು.

"ರೀ," ಎಂದಳು. "ಬೆಳಿಗ್ಗೆ ಮಕ್ಕಳು ಒಳಗಿಂದ ಟಕ್ ಟಕ್ ಅಂತಿದ್ವು. ಈಗ ಸುಮ್ಮನಾಗಿಬಿಟ್ಟಿವೆ."

ಗುಮ್ಮಣ್ಣ ಜಂಬದ ಗೂಬೆ, ನಿಜ, ಆದರೆ ಮಕ್ಕಳ ಮೇಲೆ ಪ್ರಾಣ ಇಟ್ಟುಕೊಂಡಿದ್ದ. ದಿನಾ ಸಂಜೆ ಮೊಟ್ಟೆಗಳ ಮುಂದೆ ಕೂತು ತನ್ನ ಬೇಟೆಯ ಕಥೆಗಳನ್ನು ಹೇಳುತ್ತಿದ್ದ. ಅವು ಒಳಗಿಂದ ಟಕ್ ಟಕ್ ಎಂದರೆ, ಹೊಗಳುತ್ತಿವೆ ಎಂದುಕೊಳ್ಳುತ್ತಿದ್ದ. ಈಗ ಅವು ಸುಮ್ಮನಿದ್ದವು. ಅವನಿಗೆ ತುಂಬ ಹೆದರಿಕೆಯಾಯಿತು.

ಅಲ್ಲಿಂದಲೇ ತಿರುಗಿ ಹಾರಿದ. ಟಿಣ್ ಟಿಣ್ ಟಿಣ್.

ಈ ಸಲ ಗುಮ್ಮಣ್ಣ ಬೇರೆ ಉಪಾಯ ಮಾಡಿದ. ಅಣೆಕಟ್ಟಿನ ಬುಡದಲ್ಲೇ, ನೀರಿನ ಅಂಚಿಗೆ ಒಂದು ಚಪ್ಪಟೆ ಬಂಡೆ ಇತ್ತು. ಅದರ ಮೇಲೆ ನಿಂತುಬಿಟ್ಟರೆ ಹಾರುವುದೂ ಬೇಡ, ಸದ್ದೂ ಆಗುವುದಿಲ್ಲ. ಮೀನು ಹತ್ತಿರ ಬಂದಾಗ ಕೊಕ್ಕಿನಿಂದ ಹಿಡಿದರಾಯಿತು ಎಂದು ಲೆಕ್ಕ ಹಾಕಿ ಅಲ್ಲಿ ಅಲ್ಲಾಡದೆ ನಿಂತ. ಬಂಡೆಯ ಸಂದಿಯಿಂದ ಸಿಡಿಯುತ್ತಿದ್ದ ನೀರು ಕಾಲುಚೀಲದ ಮೇಲೆ ಬಿತ್ತು. ಬಿದ್ದ ಹಾಗೇ ಹೆಪ್ಪುಗಟ್ಟಿತು. ಕಾಲುಚೀಲಕ್ಕೂ ಬಂಡೆಗೂ ಭದ್ರವಾದ ನಂಟು ಬೆಳೆಯಿತು.

ಗುಮ್ಮಣ್ಣನಿಗೆ ಇದು ಗೊತ್ತಾದದ್ದು ಪೊಟರೆಯಿಂದ ಹೆಂಡತಿಯ ದನಿ ಕೇಳಿದಾಗ.

"ರೀ, ನನ್ನಿಂದ ಆಗ್ತಾ ಇಲ್ಲ. ಕಣ್ಣು ಕತ್ತಲೆ ಬರ್ತಿದೆ. ನಾನೇ ಎದ್ದು ಬರ್ತೀನಿ, ಒಂದು ಹುಳನಾದ್ರೂ ಹುಡುಕ್ಕೊಂಡು ತಿಂದು ಹೋಗ್ತೀನಿ."

"ಏಳಬೇಡ! ಎದ್ದೆಯೋ ಮೊಟ್ಟೆ ಕತೆ ಮುಗೀತು! ಬಂದೆ, ಈಗ್ಲೇ ಬಂದೆ!" ಎಂದು ಕೂಗಿ ಗುಮ್ಮಣ್ಣ ರೆಕ್ಕೆ ಬಡಿದ.

ರೆಕ್ಕೆ ಮೇಲಕ್ಕೆ ಹೋಯಿತು. ಕಾಲು ಬರಲಿಲ್ಲ. ಇನ್ನೂ ಜೋರಾಗಿ ಬಡಿದ. ಕುತ್ತಿಗೆ ಉದ್ದವಾಯಿತು, ಹೊಟ್ಟೆ ಉದ್ದವಾಯಿತು, ಕಾಲು ಮಾತ್ರ ಇದ್ದಲ್ಲೇ ಇತ್ತು. ಸರದಿಯಲ್ಲಿ ನಿಂತಿದ್ದ ಟ್ರೌಟ್‌ಗಳು ನೀರಿನಿಂದ ಮುಖ ಹೊರಗಿಟ್ಟು ತಮಾಷೆ ನೋಡಿದವು.

"ಉಜ್ಜೋರು ಇವತ್ತು ಕುಣೀತಾರಂತೆ," ಎಂದಳು ಚುಕ್ಕಮ್ಮ.

ಪೊಟರೆಯ ಬಾಯಲ್ಲಿ ಸಣ್ಣತಾಯಿಯ ತಲೆ ಕಂಡಿತು. ಆಮೇಲೆ ಒಂದು ಕಾಲು ಕಂಡಿತು.

ಗುಮ್ಮಣ್ಣ ಕಾಲುಚೀಲದ ಕಡೆ ನೋಡಿದ. ಅತ್ತೆಯ ಎದೆಯ ಪುಕ್ಕ. ಮದುವೆಯ ದಿನ ಊರವರೆಲ್ಲ ಹೊಗಳಿದ್ದ ಹೊಲಿಗೆ. ಬಿಚ್ಚಿದರೆ ನಾಳೆ ಗೂಬೆ ಕುಲದಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ಬಿಚ್ಚದಿದ್ದರೆ ಆ ಎರಡು ಮೊಟ್ಟೆಯ ಒಳಗಿನವರು ಇವನ ಒಂದೂ ಕಥೆಯನ್ನು ಇನ್ನು ಕೇಳುವುದಿಲ್ಲ.

ಅವನು ಬಗ್ಗಿ ಹೊಲಿಗೆಯನ್ನು ಕಚ್ಚಿದ.

ಅಬ್ಬಾ, ತಿಪ್ಪಾಜಮ್ಮನವರ ಹೊಲಿಗೆ! ಒಂದು ಗಂಟಿನ ಮೇಲೆ ಇನ್ನೊಂದು ಗಂಟು, ಅದರ ಮೇಲೆ ಯಾರ ಮೇಲಿನ ಸಿಟ್ಟಿಗೋ ಹಾಕಿದ ಮತ್ತೊಂದು ಗಂಟು. ಗುಮ್ಮಣ್ಣ ಎಳೆದ, ಜಗ್ಗಿದ, ಕಣ್ಣಲ್ಲಿ ನೀರು ಬರುವಷ್ಟು ಕಚ್ಚಿದ. ಎಳೆ ಪಟ್ಟೆಂದು ಹರಿಯಿತು. ಇನ್ನೊಂದು ಕಾಲಿನ ಎಳೆಯೂ ಹರಿಯಿತು. ಸರ್ರ್ ಎಂದು ಕಾಲುಗಳು ಮೇಲಕ್ಕೆ ಬಂದವು. ಕಾಲುಚೀಲಗಳು ಮಾತ್ರ ಬಂಡೆಯ ಮೇಲೆ ನೆಟ್ಟಗೆ, ಒಳಗೆ ಯಾರೋ ಇದ್ದಾರೆ ಎನ್ನುವಂತೆ ನಿಂತೇ ಇದ್ದವು.

ಲೋಕದಲ್ಲಿ ಅದುವರೆಗೂ ಯಾರೂ ಮದುವೆಯಾದ ಗೂಬೆಯ ಕಾಲು ನೋಡಿರಲಿಲ್ಲ. ಮದುವೆಯಾದ ಮೇಲೆ ಗುಮ್ಮಣ್ಣನೇ ನೋಡಿರಲಿಲ್ಲ. ಎರಡು ಸಣಕಲು ಕಡ್ಡಿ, ಮಾಸಲು ಹಳದಿ ಬಣ್ಣ. ಚಂದ್ರ ಮರ್ಯಾದಸ್ಥ, ಮೋಡದ ಹಿಂದೆ ಸರಿದುಕೊಂಡ. ಹೊಳೆ ಮುಖ ಆಚೆ ತಿರುಗಿಸಿ ಹರಿಯಿತು. ಟ್ರೌಟ್‌ಗಳು ನಗುವುದನ್ನೂ ಮರೆತವು.

"ಅಯ್ಯೋ ಪಾಪ," ಎಂದಳು ಚುಕ್ಕಮ್ಮ. "ಅಷ್ಟೆಲ್ಲ ಜಂಬದ ಒಳಗೆ ಇಷ್ಟೇನಾ ಕಾಲು?"

ಚಳಿಗೂ ಕುತೂಹಲ. ಬಂದು ಆ ಬರಿಗಾಲನ್ನು ತೊಡೆಯಿಂದ ಅಂಗಾಲಿನವರೆಗೆ ಸವರಿ ನೋಡಿತು. ಗುಮ್ಮಣ್ಣನ ಕಾಲೆಲ್ಲ ಜುಮ್ಮೆಂದು, ಅಂಗಾಲಿನ ತುಂಬ ಒರಟು ಒರಟಾಗಿ ಗುಳ್ಳೆಗಳೆದ್ದವು. ಅವನಿಗೆ ನಾಚಿಕೆ ಒಂದು ಕಡೆ, ಭಯ ಒಂದು ಕಡೆ. ಯಾರ ಮುಖವನ್ನೂ ನೋಡದೆ, ಕಣ್ಣು ಮುಚ್ಚಿಕೊಂಡು ನೀರಿಗೆ ಕಾಲು ಹಾಕಿದ.

ಸರದಿಯಲ್ಲಿ ಮುಂದೆ ನಿಂತಿದ್ದದ್ದು ಒಂದು ದಪ್ಪ ಟ್ರೌಟ್. ಉಜ್ಜಿಸಿಕೊಳ್ಳಲು ಬೆನ್ನು ಕೊಟ್ಟುಕೊಂಡೇ ನಿಂತಿತ್ತು. ಈ ಸಲ ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಂಗಾಲಿನ ಗುಳ್ಳೆಗಳು ಮೀನನ್ನು ಗಟ್ಟಿಯಾಗಿ ಹಿಡಿದವು. ಮೀನು ಒದರಿತು, ಜಾಡಿಸಿತು, ಜಾರಲಿಲ್ಲ.

"ಇದು ಉಜ್ಜೋದಲ್ಲ ಕಣ್ರೋ!" ಚುಕ್ಕಮ್ಮ ಕಿರುಚಿದಳು. "ಓಡಿ! ಕಲ್ಲಿನ ಕೆಳಗೆ ಓಡಿ!"

ಸರದಿ ಚೆಲ್ಲಾಪಿಲ್ಲಿಯಾಯಿತು. ಅವತ್ತಿನಿಂದ ಟ್ರೌಟ್ ಮೀನುಗಳು ನೀರಿನ ಮೇಲೆ ಒಂದು ನೆರಳು ಬಿದ್ದರೂ ಕಲ್ಲಿನ ಸಂದಿಗೆ ಓಡುತ್ತವೆ.

ಗುಮ್ಮಣ್ಣ ಪೊಟರೆಗೆ ಬಂದಾಗ ಸಣ್ಣತಾಯಿಯ ಎರಡನೆಯ ಕಾಲೂ ಹೊರಗೆ ಬರುವುದರಲ್ಲಿತ್ತು. ಅವಳನ್ನು ಎದೆಯಿಂದಲೇ ಒಳಕ್ಕೆ ತಳ್ಳಿ, ಮೊಟ್ಟೆಯ ಮೇಲೆ ಕೂರಿಸಿ, ಮೀನನ್ನು ಅವಳ ಮುಂದೆ ಹಾಕಿದ. ಅವಳು ಏನೂ ಕೇಳಲಿಲ್ಲ, ತಿಂದಳು.

ಕೇಳುವವರು ಬೇರೆ ಇದ್ದರಲ್ಲ.

"ಅಳಿಯಂದ್ರೇ!" ತಿಪ್ಪಾಜಮ್ಮ ಎರಡೂ ರೆಕ್ಕೆಯಿಂದ ಮುಖ ಮುಚ್ಚಿಕೊಂಡರು. "ಬರಿಗಾಲು! ಅತ್ತೆ ಮುಂದೆ ಬರಿಗಾಲು! ನನ್ನ ಎದೆ ಪುಕ್ಕ ಎಲ್ಲಿ? ನಾನು ಹಾಕಿದ ಗಂಟೆಲ್ಲಿ?"

"ಬಂಡೆ ಮೇಲಿದೆ ಅತ್ತೆಮ್ಮ. ಗಂಟು ಈಗ್ಲೂ ಹಾಗೇ ಇದೆ. ಪಕ್ಕದ ಎಳೆ ಹರೀತು ಅಷ್ಟೆ."

"ನನ್ನನ್ನ ಈಗ್ಲೇ ನಮ್ಮೂರಿಗೆ ಕಳಿಸಿಬಿಡಿ. ಒಂದು ಗಳಿಗೆ ಈ ಮನೇಲಿರಲ್ಲ." ರೆಕ್ಕೆಯ ಸಂದಿಯಿಂದ ಒಂದು ಕಣ್ಣು ಮೆಲ್ಲಗೆ ತೆರೆಯಿತು. "ಆ ಮೀನಿನ ತಲೆ ಯಾರಿಗೆ?"

ಸಣ್ಣತಾಯಿ ತಲೆಯನ್ನು ಅಮ್ಮನ ಕಡೆಗೆ ಸರಿಸಿದಳು. ತಿಪ್ಪಾಜಮ್ಮ ಮುಖ ಮುಚ್ಚಿಕೊಂಡೇ ಅದನ್ನು ತಿಂದು ಮುಗಿಸಿದರು. ಹೊಟ್ಟೆ ತುಂಬಿದ ಮೇಲೆ ಮತ್ತೆ ಬೈಯಲು ಬಾಯಿ ತೆರೆದರು.

ಆಗ ಸಣ್ಣತಾಯಿಯ ಹೊಟ್ಟೆಯ ಕೆಳಗಿನಿಂದ ಟಕ್ ಎಂಬ ಸದ್ದು ಬಂತು.

ಟಕ್ ಟಕ್. ಇನ್ನೊಂದು ಮೊಟ್ಟೆಯಿಂದಲೂ ಟಕ್.

ತಿಪ್ಪಾಜಮ್ಮ ರೆಕ್ಕೆ ಕೆಳಗಿಳಿಸಿದರು. ಬೈಗುಳ ಬಾಯಲ್ಲೇ ಉಳಿಯಿತು. ಅಳಿಯನ ನಡುಗುತ್ತಿದ್ದ ಕಾಲನ್ನು ಈಗ ಪೂರಾ ಕಣ್ಣು ತೆರೆದು ನೋಡಿದರು. ಅವರಿಗೆ ಅಳು ಬಂತು. ತಮ್ಮ ಬೆಚ್ಚಗಿನ ಮೂಲೆ ಬಿಟ್ಟು ಎದ್ದು, "ಬನ್ನಿ ಅಳಿಯಂದ್ರೇ, ಇಲ್ಲಿ ಕೂತ್ಕೊಳ್ಳಿ," ಎಂದರು. ಅತ್ತೆ ಜಾಗ ಬಿಟ್ಟುಕೊಟ್ಟದ್ದು ಆ ಚಳಿಗಾಲದಲ್ಲಿ ಅದೇ ಮೊದಲು.

ಬೆಳಗಾಗುವ ಹೊತ್ತಿಗೆ ಪೊಟರೆಯ ಬಾಯಿಗೆ ಚಳಿ ಬಂದು ನಿಂತಿತು. ಎರಡು ಮರಿಗಳು ಬಾಯಿ ತೆರೆದುಕೊಂಡು ಕೂತಿದ್ದನ್ನು ನೋಡಿ ಅದಕ್ಕೂ ಸ್ವಲ್ಪ ನಾಚಿಕೆಯಾಯಿತು.

"ಗುಮ್ಮಣ್ಣ, ನಾನು ಹೊರಟೆ. ಬಹಳ ದಿನ ಇದ್ದುಬಿಟ್ಟೆ. ನಿನ್ನ ಅಂಗಾಲಿನ ಗುಳ್ಳೆ ಬೇಕಾದ್ರೆ ವಾಪಸ್ ತಗೊಂಡು ಹೋಗ್ಲಾ?"

"ಬೇಡಪ್ಪ, ಇರಲಿ ಬಿಡು," ಎಂದ ಗುಮ್ಮಣ್ಣ. "ಮೀನು ಹಿಡಿಯೋಕೆ ಬೇಕು. ಮರಿಗಳ ಬಾಯಿ ನೋಡಿದ್ಯಾ?"

ಮರುದಿನ ಸಂಜೆ ಸಣ್ಣತಾಯಿ ತನ್ನ ಕಾಲುಚೀಲವನ್ನೂ ಬಿಚ್ಚಿ ಮರಿಗಳ ಕೆಳಗೆ ಹಾಸಿದಳು. "ನನ್ನದು ನನಗೆ ಬೇಡಮ್ಮ, ನಾನೂ ಮೀನಿಗೆ ಹೋಗ್ಬೇಕು," ಎಂದಳು. ತಿಪ್ಪಾಜಮ್ಮ ಮೊಮ್ಮಕ್ಕಳಿಗಾದರೂ ಇರಲಿ ಎಂದು ಪುಟಾಣಿ ಕಾಲುಚೀಲ ಹೊಲಿದು ತೊಡಿಸಿದರು. ಮರಿಗಳು ಒದ್ದು ಬಿಸಾಡಿದವು. ಮತ್ತೆ ತೊಡಿಸಿದರು, ಮತ್ತೆ ಒದ್ದವು. "ಎಲ್ಲಾ ಅಪ್ಪನ ಬುದ್ಧಿ," ಎಂದು ಅವರು ಗೊಣಗಿದರು. ಆದರೆ ಊರಿಗೆ ಹೋದ ಮೇಲೆ ಎದುರಿಗೆ ಸಿಕ್ಕವರಿಗೆಲ್ಲ, ಕೇಳದಿದ್ದರೂ, "ನಮ್ಮ ಅಳಿಯಂದ್ರು ಮೀನು ಹಿಡೀತಾರೆ," ಎನ್ನುತ್ತಿದ್ದರಂತೆ.

ಮಕ್ಕಳೇ, ಚಳಿಗಾಲದ ಮುಸ್ಸಂಜೆ ಯಾವುದಾದರೂ ಅಣೆಕಟ್ಟಿನ ಕೆಳಗೆ, ಹೊಳೆಯ ಬಂಡೆಯ ಮೇಲೆ ದೊಡ್ಡದೊಂದು ಗೂಬೆ ಕೂತಿದ್ದರೆ ಅದರ ಕಾಲು ನೋಡಿ. ಎಷ್ಟೋ ಗೂಬೆಗಳಿಗೆ ಉಗುರಿನವರೆಗೂ ಪುಕ್ಕ ಇದ್ದರೂ ಗುಮ್ಮಣ್ಣನ ವಂಶದ ಮೀನುಗೂಬೆಯದು ಬರಿಗಾಲು, ಮುಳ್ಳುಮುಳ್ಳು ಅಂಗಾಲು. ಅದನ್ನು ಕಂಡು ಪಾಪ ಎನ್ನಬೇಡಿ, ಅದು ಅಲ್ಲಿ ಕಾಲು ತಣ್ಣಗೆ ಮಾಡಿಕೊಂಡು ಕೂತಿದೆ ಅಂದರೆ ಅಲ್ಲೇ ಎಲ್ಲೋ ಒಂದು ಪೊಟರೆಯಲ್ಲಿ ಅದರ ಮರಿಗಳು ಬೆಚ್ಚಗಿವೆ.